ಬಡಿಸೋಳೂ ಕೂತು ಉಣ್ಲಿ

ಕೊಲಂಬೊಗೆ ಹೋಗಿ ಬಂದು ಹದಿನೈದು ದಿನ ಆಯ್ತು. ಡೈರಿಗೆ ಹಾಲು ಹಾಕೋಕೆ ಬಂದೋರು, ಬಸ್‌ಸ್ಟ್ಯಾಂಡಲ್ಲಿ ಸಿಕ್ಕೋರು, ಫೋನ್ ಮಾಡಿದ ಅತ್ತಿಗೆ ನಾದಿನೇರು, ಎಲ್ಲರೂ ಕೇಳಿದ್ದು ಒಂದೇ ಮಾತು: "ಅಲ್ಲಿ ಊಟಕ್ಕೇನ್ ಮಾಡುದ್ರವ್ವ?" ಸಮುದ್ರ ಹೆಂಗಿತ್ತು ಅಂತ ಕೇಳಿದೋರು ಕಡಿಮೆ. "ಏನೂ ಮಾಡ್ಲಿಲ್ಲ ಕಣವ್ವ, ಕೂತ್ಕಂಡು ಉಂಡೆ" ಅಂದೆ. ಎಲ್ರೂ ನಕ್ಕರು. ನಾನೂ ನಕ್ಕೆ. ಆದ್ರೆ ರಾತ್ರಿ ಮಲಗ್ದಾಗ ಆ ಮಾತು ಮನಸ್ಸಲ್ಲೇ ಸುತ್ತುತಾ ಇತ್ತು. ಅದ್ಕೇ ಇವತ್ತು ಕೂತು ಬರೀತಾ ಇದ್ದೀನಿ.

ಮೊದಲು ಹೋದದ್ದು ಹೆಂಗೆ ಅಂತ ಹೇಳ್ಬುಡ್ತೀನಿ. ಕೆ.ಆರ್. ಪೇಟೆಗೆ ಕೊಟ್ಟಿರೋ ನಮ್ಮ ಮಗಳು, ಅಳಿಯ ಈಗ ಬೆಂಗಳೂರಲ್ಲಿ ಕೆಲಸದಲ್ಲವ್ರೆ. ಮಗಳು ಒಂದಿನ ಕೇಳಿದ್ಲು, "ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲವ್ವ, ನೀನೂ ಅಪ್ಪನೂ ಇಬ್ರೇ ಎಲ್ಲಿಗಾದ್ರೂ ಹೋಗಿದ್ದೀರಾ?" ಯಾಕಿಲ್ಲ, ತಿರುಪತಿಗೆ ಹೋಗಿದ್ದೀವಿ, ಧರ್ಮಸ್ಥಳಕ್ಕೆ ಹೋಗಿದ್ದೀವಿ ಅಂದೆ. "ಹನ್ನೆರಡು ಜನ ಒಂದು ಟೆಂಪೋದಲ್ಲಿ ಹೋಗಿದ್ರಿ. ನೀನು ಪುಳಿಯೋಗರೆ, ಮೊಸರನ್ನ, ರೊಟ್ಟಿ ಕಟ್ಕಂಡು ಹೋಗಿ ದಾರಿಯುದ್ದಕ್ಕೂ ಬಡಿಸ್ತಿದ್ದೆ. ಅದು ಊರು ನೋಡೋದಲ್ಲವ್ವ, ಅಡುಗೆಮನೆ ಹೊತ್ಕಂಡು ತಿರುಗೋದು" ಅಂದ್ಲು. ಅವಳೇ ಟಿಕೆಟ್ ಮಾಡಿಸಿದ್ಲು, ಇರೋಕೆ ಒಂದು ಮನೆನೂ ಗೊತ್ತು ಮಾಡಿದ್ಲು. ಮೂರು ರಾತ್ರಿ, ನಾಕು ಹಗಲು. ಒಟ್ಟು ಖರ್ಚು ಒಂದು ಒಳ್ಳೆ ಹಸು ತರೋ ದುಡ್ಡು ಆಯ್ತು. ಸುಳ್ಳು ಹೇಳೋದ್ಯಾಕೆ, ಮೊದಲ ಎರಡು ದಿನ ನಂಗೆ ಆ ಹಸೂನೇ ಕಣ್ಮುಂದೆ ಬರ್ತಿತ್ತು.

ಪಾಂಡವಪುರದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗೋಕೆ ನಾಕು ಗಂಟೆ ಹಿಡೀತು. ಅಲ್ಲಿಂದ ಸಿಲೋನಿಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಹೊರದೇಶ ಅಂದ್ರೆ ದೂರ ಅಂತ ಅಂದ್ಕಂಡಿದ್ದೆ, ನಮ್ಮ ಬೆಂಗಳೂರೇ ದೂರ!

ಬ್ಯಾಗಿನಲ್ಲಿ ಏನೇನು ತುಂಬಿದ್ದೆ ಗೊತ್ತೆ? ಒಂದು ಕೆ.ಜಿ. ರಾಗಿ ಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಉಪ್ಪಿನಕಾಯಿ. ಸೀರೆಗಿಂತ ಅದೇ ತೂಕ. "ಅಲ್ಲೇನೂ ಸಿಕ್ದೆ ಇದ್ರೆ?" ಅನ್ನೋದು ನನ್ನ ಹೆದ್ರುಕೆ. ನಮ್ಮನೆಯವ್ರಿಗೆ ಹೊಟ್ಟೆ ಕೆಟ್ರೆ ತಪ್ಪು ನಂದೇ ಆಗ್ತದಲ್ಲ, ಅದ್ಕೆ.

ಇಳಿದದ್ದು ಕೊಲಂಬೊದ ವೆಳ್ಳವತ್ತೆ ಅನ್ನೋ ಕಡೆ. ಒಂದು ಪಕ್ಕ ಗಾಲ್ ರೋಡು, ಇನ್ನೊಂದು ಪಕ್ಕ ಸಮುದ್ರ, ಸಮುದ್ರದ ಅಂಚಿಗೇ ರೈಲು ಕಂಬಿ. ಒಂದು ಸಿಂಹಳದ ಸಂಸಾರ ಕೆಳಗಿದ್ದು ಮೇಲಿನ ರೂಮು ಬಾಡಿಗೆಗೆ ಕೊಡ್ತಾರೆ. ಮನೆಯಾಕೆ ನನಗಿಂತ ನಾಕೈದು ವರ್ಷ ದೊಡ್ಡೋರು. ಅವರ ಭಾಷೆಲೂ ಅಕ್ಕನಿಗೆ ಅಕ್ಕ ಅಂತಲೇ ಅಂತಾರೆ, ಅಮ್ಮನಿಗೆ ಅಮ್ಮ ಅಂತಲೇ. ತಂಗಿಗೆ 'ನಂಗಿ'. ನಾನು ಅವರನ್ನ ಅಕ್ಕ ಅಂದೆ, ಅವರು ನನ್ನ ನಂಗಿ ಅಂದ್ರು. ಮಿಕ್ಕ ಮಾತೆಲ್ಲ ಅರ್ಧ ತಮಿಳು, ಕಾಲು ಇಂಗ್ಲಿಷು, ಕಾಲು ಕೈಸನ್ನೆ. ಅವರು ಕೇಳಿದ ಮೊದಲ ಮಾತು 'ಬತ್ ಕೆವದ?' ಅನ್ನ ಉಂಡ್ರಾ ಅಂತ. ನಮ್ಮ 'ಊಟ ಆಯ್ತಾ?' ಇದೆಯಲ್ಲ, ಅದೇ. ಅರ್ಧ ಹೆದ್ರುಕೆ ಅಲ್ಲೇ ಇಳೀತು.

ಮಾರನೆ ದಿನ ಬೆಳಿಗ್ಗೆ ಆದ ಒಂದು ವಿಷಯಕ್ಕೇ ನಾನು ಇಷ್ಟೆಲ್ಲ ಬರೀತಿರೋದು.

ಆರೂವರೆಗೆ ಎದ್ದೋಳು ಅಭ್ಯಾಸಬಲದಿಂದ ನೆಟ್ಟಗೆ ಅವರ ಅಡುಗೆಮನೆಗೇ ಹೋದೆ. "ಈರುಳ್ಳಿ ಹೆಚ್ಚಿಕೊಡ್ಲಾ?" ಅಂತ ಸನ್ನೆ ಮಾಡಿದ್ರೆ, ಆಯಮ್ಮ ನನ್ನ ಎರಡೂ ಭುಜ ಹಿಡಿದು ತಿರುಗಿಸಿ, ಆಚೆ ತಂದು ಮೇಜಿನ ಮುಂದೆ ಕೂರಿಸಿಬುಟ್ರು. ಇಬ್ಬರಿಗೂ ಒಟ್ಟಿಗೇ ತಟ್ಟೆ ಬಂತು. ತಟ್ಟೇಲಿ ಇದ್ದದ್ದು ನಮ್ಮ ಒತ್ತು ಶಾವಿಗೆನೇ! ಅವರು 'ಇಂದಿಅಪ್ಪ' ಅಂತಾರೆ. ನಾವು ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ ಆಮೇಲೆ ಒರಳಲ್ಲಿ ಒತ್ತುತೀವಿ. ಅವರು ಹಸಿ ಹಿಟ್ಟನ್ನೇ ಬೆತ್ತದ ಪುಟ್ಟ ಪುಟ್ಟ ಚಾಪೆಗಳ ಮೇಲೆ ಒತ್ತಿ ಆಮೇಲೆ ಹಬೆಲಿ ಬೇಯಿಸ್ತಾರೆ. ಜೊತೆಗೆ ಪರಿಪ್ಪು ಅಂತ ಬೇಳೆ, ಅರಿಶಿನ ಹಾಕಿದ ತೆಳ್ಳನೆ ಕಾಯಿಹಾಲಿನ ಸಾರು, 'ಪೊಲ್ ಸಂಬೋಲ' ಅಂತ ಕಾಯಿತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆಹುಳಿ ಸೇರಿಸಿ ಅರೆದ ಕೆಂಪು ಚಟ್ನಿ.

ಹಬೆ ಆಡ್ತಾ ಇತ್ತು. ನಮ್ಮನೆಯವ್ರು ತಿನ್ನೋಕೆ ಶುರು ಮಾಡಿದ್ರು. ನಾನು ಕೈ ಮಡಿಲಲ್ಲಿಟ್ಕಂಡು ಕೂತಿದ್ದೆ. ಅವರ ತಟ್ಟೆ ನೋಡ್ತಾ ಇದ್ದೆ, ಬೇಳೆ ಖಾಲಿಯಾಯ್ತಾ, ಇನ್ನೆರಡು ಹಾಕ್ಬೇಕಾ ಅಂತ. ಮನೆಯಾಕೆ ಬಂದು "ಯಾಕೆ, ಖಾರನಾ?" ಅಂದ್ರು. ಆಗ ನಮ್ಮನೆಯವ್ರು ತಲೆ ಎತ್ತಿ ನೋಡಿ, "ಉಣ್ಣಮ್ಮಿ, ಯಾರಿಗೆ ಕಾಯ್ತಾ ಇದ್ದೀಯ?" ಅಂದ್ರು.

ಅವರು ಮಾಮೂಲಿಯಾಗೇ ಅಂದ್ರು. ನಂಗೆ ಮಾತ್ರ ಉತ್ತರ ಹೊಳೀಲಿಲ್ಲ. ಯಾರಿಗೆ ಕಾಯ್ತಾ ಇದ್ದೆ? ಅತ್ತೆ ಇಲ್ಲ, ಮಾವ ಇಲ್ಲ, ಕಬ್ಬು ಕಡಿಯೋ ಆಳಿಲ್ಲ, ಸ್ಕೂಲಿಗೆ ಹೋಗೋ ಮಕ್ಕಳಿಲ್ಲ. ಆದ್ರೂ ಕೈ ತಟ್ಟೆಗೆ ಹೋಗ್ತಾ ಇಲ್ಲ. ಬಡಿಸೋದು ಗೊತ್ತು ಕಣ್ರವ್ವ ನಂಗೆ, ಬಡಿಸ್ಕೊಳ್ಳೋದು ಗೊತ್ತಿಲ್ಲ. ಐವತ್ತೆರಡು ವರ್ಷಕ್ಕೆ ಅದು ಗೊತ್ತಾಗೋಕೆ ಸಮುದ್ರ ದಾಟಬೇಕಾಯ್ತು.

ಆಮೇಲೆ ತಿಂದೆ ಬುಡಿ, ಚೆನ್ನಾಗೇ ತಿಂದೆ. ಶಾವಿಗೆನ ಬಿಸಿಬಿಸಿಯಾಗಿ ತಿಂದದ್ದು ನನ್ನ ನೆನಪಲ್ಲಿ ಅದೇ ಮೊದಲು. ನಮ್ಮಲ್ಲಿ ಅಳಿಯ ಬಂದ್ರೆ, ಬೀಗರು ಬಂದ್ರೆ ಶಾವಿಗೆ. ಒತ್ತಿ ಒತ್ತಿ ತೋಳು ಬಿದ್ದೋಗಿರ್ತದೆ, ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಗಟ್ಟಿಯಾದ ಎರಡು ಎಳೆ ನಮಗೆ. ಅದು ನಿಮಗೂ ಗೊತ್ತಿರೋ ಕತೆ.

ಮಿಕ್ಕ ದಿನ ಊರು ನೋಡಿದ್ವು. ಪೇಟೆ ಅಂದ್ರೆ ಅಲ್ಲಿ ಪೆಟ್ಟಾ, ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಇದ್ದಂಗೆ, ಅದೇ ಕೂಗು, ಅದೇ ನೂಕುನುಗ್ಗಲು, ಮಧ್ಯದಲ್ಲಿ ಕೆಂಪು ಬಿಳಿ ಪಟ್ಟೆಯ ಹಳೇ ಮಸೀದಿ. ಬೆಳಿಗ್ಗೆ ಹೊತ್ತು 'ಕೊಳ ಕೆಂದ' ಅಂತ ಒಂದು ಗಂಜಿ ಕುಡಿದ್ವು. ಅಕ್ಕಿಗಂಜಿಗೆ ಸೊಪ್ಪಿನ ರಸ, ಕಾಯಿಹಾಲು ಹಾಕಿರ್ತಾರೆ, ಒಂದು ಚೂರು ಬೆಲ್ಲ ಕಡ್ಕಂಡು ಕುಡೀಬೇಕು. ಮಧ್ಯಾಹ್ನ ಅನ್ನದ ಸುತ್ತ ನಾಕೈದು ಪಲ್ಯ, ಸಾರು. ಅದರಲ್ಲಿ 'ಗೊಟುಕೊಳ' ಅಂತ ಹಸಿ ಸೊಪ್ಪಿನ ಕೋಸಂಬರಿ ಬಂತು, ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು, ನಮ್ಮ ಗದ್ದೆ ಬದುವಿನ ಒಂದೆಲಗ! ನಾವು ಮಕ್ಕಳಿಗೆ ಬುದ್ಧಿ ಬರಲಿ ಅಂತ ಚಟ್ನಿ ಮಾಡ್ತೀವಲ್ಲ, ಅವರು ದಿನಾ ಊಟಕ್ಕೇ ಹಾಕ್ತಾರೆ.

ಸಾಯಂಕಾಲ 'ಅಪ್ಪ' ಅನ್ನೋ ತಿಂಡಿ. ಪುಟ್ಟ ಬಾಂಡ್ಲೆಲಿ ಹುಳಿ ಬಂದ ಅಕ್ಕಿ ಹಿಟ್ಟು ಹುಯ್ದು ತಿರುಗಿಸ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಬೇಕಾದ್ರೆ ಒಂದು ಮೊಟ್ಟೆ ಒಡೆದು ಹಾಕ್ತಾರೆ. "ಎಷ್ಟು ಅಪ್ಪ ಬೇಕು?" ಅಂತ ಅಂಗಡಿಯೋನು ಕೇಳ್ದಾಗ ನಮ್ಮನೆಯವ್ರು, "ಒಬ್ಬನೇ ಸಾಕಾಗಿದ್ದ ಕಣಪ್ಪ, ಸ್ವರ್ಗದಲ್ಲವ್ನೆ" ಅಂದ್ರು. ಅವನಿಗೆ ಅರ್ಥ ಆಗ್ಲಿಲ್ಲ, ನಾನು ನಕ್ಕು ನಕ್ಕು ಸಾಕಾದೆ. ಊರಲ್ಲಿ ಅವರ ಬಾಯಿಂದ ಇಂಥ ಮಾತು ಕೇಳಿ ಎಷ್ಟು ವರ್ಷ ಆಗಿತ್ತೋ.

ಊಟ ಆದ ಮೇಲೆ ಎಮ್ಮೆ ಮೊಸರಿಗೆ 'ಕಿತುಲ್ ಪಾನಿ' ಹುಯ್ದು ಕೊಡ್ತಾರೆ. ನಮ್ಮ ಮಲೆನಾಡ ಕಡೆ ಬೈನೆ ಮರ ಅಂತಾರಲ್ಲ, ಅದರ ನೀರಾ ಕಾಸಿ ಮಾಡಿದ ಪಾಕ ಅದು. ಇನ್ನೂ ಕಾಸಿದ್ರೆ ಬೆಲ್ಲ. ಮಂಡ್ಯದೋರಿಗೆ ಬೆಲ್ಲ ತೋರಿಸ್ತಾರಾ ಅಂತ ಮೂಗು ಮುರಿದಿದ್ದ ನಮ್ಮನೆಯವ್ರು ಎರಡು ಬಟ್ಟಲು ತಿಂದ್ರು. "ಆಲೆಮನೆ ಬಿಸಿ ಪಾಕಕ್ಕೆ ಮೊಸರು ಹಾಕ್ಕಂಡು ನಾವ್ಯಾಕೆ ತಿಂದಿಲ್ಲ?" ಅಂದ್ರು.

ಒಂದು ಮಾತು ಮೇಲುಕೋಟೆ ಕಡೆಯ ಗೆಳತೇರಿಗೆ. ಮೀನು ಮಾಂಸ ತಿನ್ನದೋರು ಹೋದ್ರೆ ಮೊದಲೇ ಹೇಳ್ಬುಡಿ. ಪೊಲ್ ಸಂಬೋಲಕ್ಕೂ, ಕೆಲವು ಪಲ್ಯಕ್ಕೂ 'ಉಂಬಲಕಡ' ಅಂತ ಒಣಮೀನಿನ ಪುಡಿ ಹಾಕೋ ವಾಡಿಕೆ. ನಮ್ಮಂಥೋರಿಗೆ ಅದೇ ರುಚಿ, ನಿಮಗೆ ಆಗದು. ಬೇಡ ಅಂದ್ರೆ ಹಾಕ್ದೆ ಮಾಡಿಕೊಡ್ತಾರೆ.

ಎರಡನೇ ಸಂಜೆ ಗಾಲ್ ಫೇಸ್ ಅನ್ನೋ ಬಯಲಿಗೆ ಹೋದ್ವು. ಸಮುದ್ರಕ್ಕೆ ಅಂಟಿಕೊಂಡ ಉದ್ದನೆ ಹುಲ್ಲುಗಾವಲು, ಗಾಳಿಪಟ ಬಿಡೋ ಮಕ್ಕಳು, ಕಡಲೆಬೇಳೆ ವಡೆ ಮೇಲೆ ಸೀಗಡಿ ಕೂರಿಸಿ ಕರಿಯೋ ತಳ್ಳುಗಾಡಿಗಳು. ಅಲ್ಲೊಂದು ಹಳೇ ಕಲ್ಲು ಐತೆ. 1859ರಲ್ಲಿ ಅಲ್ಲಿನ ಗವರ್ನರ್ ಆಗಿದ್ದ ಹೆನ್ರಿ ವಾರ್ಡ್ ಈ ನಡೆದಾಡೋ ಜಾಗ ಮುಗಿಸಿ, ಊರಿನ ಹೆಂಗಸರು ಮಕ್ಕಳ ಸಲುವಾಗಿ ಇದನ್ನ ಕಾಪಾಡ್ಕಂಡು ಹೋಗಿ ಅಂತ ಮುಂದೆ ಬರೋರಿಗೆ ಕೇಳ್ಕಂಡು ಬರೆಸಿದ ಕಲ್ಲು. ಗಾಳಿಗೆ ಬಂದು ಕೂರೋದೂ ಹೆಂಗಸಿಗೆ ಬೇಕಾದ್ದು ಅಂತ ಆಗಲೇ ಕಲ್ಲಲ್ಲಿ ಬರೆಸಿದ್ದಾರೆ. ನಾವು ಸಂಗಮಕ್ಕೆ ಹೋದ್ರೆ ಕೂರೋದು ಎಷ್ಟೊತ್ತು ಹೇಳಿ? ಡಬ್ಬಿ ಬಿಚ್ಚೋದು, ಬಡಿಸೋದು, ಡಬ್ಬಿ ತೊಳೆಯೋದು, ಬಸ್ಸು ಹತ್ತೋದು.

ಅಲ್ಲೇ ಕೂತಾಗ ನಮ್ಮನೆಯವ್ರು ಒಂದು ವಿಷಯ ಹೇಳಿದ್ರು. ಶ್ರೀರಂಗಪಟ್ಟಣದಲ್ಲಿ ನನ್ನ ತಂಗಿ ಮನೆಗೆ ಹೋಗ್ದಾಗ ನದಿ ಪಕ್ಕ ಹಳೇ ಗೋರಿಗಳ ತೋಟ ನೋಡಿದ್ದೀವಲ್ಲ, ಅಲ್ಲಿ ಡಿ ಮ್ಯೂರಾನ್ ಅನ್ನೋ ಸ್ವಿಸ್ ಪಟಾಲಮ್ಮಿನೋರೂ ಮಲಗವ್ರೆ. ಅವರು ಮೊದಲು ಡಚ್ಚರ ಕಡೆಯಾಗಿ ಇದೇ ಸಿಲೋನಿನಲ್ಲಿದ್ದೋರು. 1795ರಲ್ಲಿ ಇಂಗ್ಲಿಷರ ಕಡೆ ಸೇರಿ, 1799ರಲ್ಲಿ ಪಟ್ಟಣದ ಕೋಟೆ ಮುತ್ತೋಕೆ ಬಂದ್ರು. "ಅವರು ಇಲ್ಲಿಂದ ನಮ್ಮೂರಿಗೆ ಕೋವಿ ತಂದ್ರು, ನಾವು ಅಲ್ಲಿಂದ ಇಲ್ಲಿಗೆ ರಾಗಿ ಹಿಟ್ಟು ತಂದಿದ್ದೀವಿ" ಅಂದೆ. ಆಗ ನೆನಪಾಯ್ತು, ಹಿಟ್ಟು ಇನ್ನೂ ಬ್ಯಾಗಲ್ಲೇ ಐತೆ, ಕಟ್ಟು ಬಿಚ್ಚಿಲ್ಲ ಅಂತ.

ಕೊನೇ ಸಂಜೆ ಆ ಹಿಟ್ಟು ಮನೆಯಾಕೆಗೆ ಕೊಟ್ಟೆ. ಕೊಡೋಕೆ ನಾಚ್ಕೆ. ನಮ್ಮಲ್ಲೂ ಹೊರಗಿನ ನೆಂಟ್ರು ಬಂದ್ರೆ ಮುದ್ದೆ ಮಾಡೋಕೆ ನಾಚ್ಕಂಡು ಚಪಾತಿ, ಪಲಾವು ಮಾಡ್ತೀವಲ್ಲ, ಅದೇ ನಾಚ್ಕೆ. ಆಯಮ್ಮ ಚಿಟಿಕೆ ಹಿಟ್ಟು ಅಂಗೈಗೆ ಹಾಕ್ಕಂಡು ಮೂಸಿದ್ರು. "ಕುರಕ್ಕನ್!" ಅಂದ್ರು. ರಾಗಿಗೆ ಅವರಲ್ಲಿ ಅದೇ ಹೆಸರು. ಅವರಜ್ಜಿ ಅನುರಾಧಪುರದ ಕಡೆಯೋರಂತೆ, ಒಣಸೀಮೆ, ಕೆರೆ ನೀರು ನಂಬಿದ ಊರು, ನಮ್ಮ ನಾಗಮಂಗಲದಂಗೆ. ಅಜ್ಜಿ ಕುರಕ್ಕನ್ ಹಿಟ್ಟಲ್ಲಿ 'ತಲಪ' ಅಂತ ಮಾಡ್ತಿದ್ರಂತೆ. ಕೈಲಿ ಉಂಡೆ ಕಟ್ಟಿ ತೋರಿಸಿದ್ರು. ಮುದ್ದೆನೇ ಕಣ್ರವ್ವ ಅದು! 2022ರಲ್ಲಿ ಅವರ ದೇಶದಲ್ಲಿ ದುಡ್ಡಿಗೆ ಬೆಲೆ ಹೋಗಿ, ಗ್ಯಾಸಿಗೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತಾಗ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಸೌದೆ ಉರಿಲಿ ಅಡುಗೆ ಮಾಡಿದ್ರಂತೆ. ಆಗ ಅಜ್ಜಿ ತಲಪ ನೆನೆಸ್ಕಂಡಿದ್ದೆ ಅಂದ್ರು. ಅಷ್ಟು ಕಷ್ಟ ಕಂಡೋರು ನಮ್ಮ ತಟ್ಟೆಗೆ ಮೂರು ದಿನ ಏನೂ ಕಮ್ಮಿ ಮಾಡಿರಲಿಲ್ಲ.

ಅವತ್ತು ರಾತ್ರಿ ನಾನು ಮುದ್ದೆ ಮಾಡಿದೆ, ಅವರು ಕೋಳಿ ಸಾರು ಮಾಡಿದ್ರು. ಹಿಟ್ಟಿನ ಕೋಲಿಲ್ಲ, ಮರದ ಸೌಟಿನ ಹಿಡೀಲೇ ತಿರುವಿದೆ. ಮೇಜಿಗೆ ತಂದ ಮೇಲೆ ಮನೆಯಜಮಾನರು, ಅವರ ಮಗ, ನಮ್ಮನೆಯವ್ರು ಕೂತ್ರು. ಆಯಮ್ಮ ಗೋಡೆಗೆ ಒರಗಿ ನಿಂತ್ರು. ಆಗ ಹೊಳೀತು ನಂಗೆ. ಈ ಮೂರು ದಿನ ಅವರು ಕೂತು ಉಂಡದ್ದನ್ನ ನಾನು ನೋಡೇ ಇಲ್ಲ. ನನ್ನ ಭುಜ ಹಿಡಿದು ಕೂರಿಸಿದೋರು ತಾವು ಮಾತ್ರ ಎಲ್ಲರದ್ದೂ ಆದ ಮೇಲೆ ಒಬ್ಬರೇ ಅಡುಗೆಮನೆಲಿ ಉಣ್ತಿದ್ರು. ಸಮುದ್ರ ದಾಟಿದ್ರೂ ನಮ್ಮದೇ ಕತೆ.

ನಾನು ಅವರು ಮಾಡಿದಂಗೇ ಮಾಡಿದೆ. ಎರಡು ಭುಜ ಹಿಡಿದು ಕೂರಿಸಿದೆ. ಬಡಿಸೋಕೆ ಅಂತ ನಾನು ನಿಂತೆ. ಆಯಮ್ಮ ನನ್ನ ಸೆರಗು ಹಿಡಿದು ಎಳೆದ್ರು, "ನಂಗಿ, ನೀನೂ." ಕೊನೆಗೆ ಪಾತ್ರೆ ಎರಡನ್ನೂ ಮೇಜಿನ ಮಧ್ಯಕ್ಕಿಟ್ಟು ಐದೂ ಜನ ಕೂತ್ವು. ಬೇಕಾದೋರು ಬೇಕಾದಷ್ಟು ಹಾಕ್ಕಂಡ್ರು. ಅವರ ಮಗ ಮುದ್ದೆ ಅಗಿದು ಅಗಿದು ಸೋತ, "ಅಗೀಬ್ಯಾಡಪ್ಪ, ನುಂಗು" ಅಂತ ನಮ್ಮನೆಯವ್ರು ತೋರಿಸಿಕೊಟ್ರು. ಯಾರಿಗೂ ಏನೂ ಕಮ್ಮಿ ಆಗ್ಲಿಲ್ಲ. ಆಕಾಶನೂ ಬೀಳ್ಲಿಲ್ಲ.

ಈಗ ನನ್ನ ಮಾತು ಹೇಳ್ತೀನಿ. ಗಂಡ ಹೆಂಡ್ತಿ ನಾಕು ದಿನ ಊರು ಬಿಟ್ಟು ಹೋಗೋದು ದುಡ್ಡು ಹೆಚ್ಚಾದೋರ ಶೋಕಿ ಅಂತ ನಾನೂ ಆಡ್ಕಂಡೋಳೇ. ಈಗ ಹಂಗನ್ನಲ್ಲ. ಬಡಿಸೋ ಹೆಂಗಸನ್ನ ಬಡಿಸೋ ಜಾಗದಿಂದ ನಾಕು ದಿನ ಎತ್ತಿ ಆಚೆ ಇಟ್ರೇನೇ ಅವಳು ಹೆಂಗೆ ಉಣ್ತಾಳೆ ಅನ್ನೋದು ಅವಳಿಗೂ ಕಾಣೋದು, ಗಂಡನಿಗೂ ಕಾಣೋದು. ಹಂಗೆ ಹೋದಾಗ ಅಲ್ಲಿನೋರು ಕೊಟ್ಟಿದ್ದನ್ನ ಉಣ್ಣಬೇಕು. ನಾನು ಮಾಡಿದಂಗೆ ಅಡುಗೆಮನೆ ಹೊತ್ಕಂಡು ಹೋದ್ರೆ ಹೋದದ್ದೇ ದಂಡ. ಒಬ್ಬರು ಬಡಿಸಿದ್ದನ್ನ ಕೈಯೊಡ್ಡಿ ಇಸ್ಕಂಡು, ಚೆನ್ನಾಗಿದೆ ಅಂದು ಉಣ್ಣೋದೂ ಮರ್ಯಾದೆನೇ.

ನಾಗಮಂಗಲದ ನಮ್ಮವ್ವನ್ನ ನೆನೀತೀನಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಏಳು ಜನಕ್ಕೆ ಆರು ಮುದ್ದೆ. ಆ ಏಳನೇಳು ಯಾರು ಅಂತ ನಾವ್ಯಾರೂ ಎಣಿಸಿರಲಿಲ್ಲ. ಸಾರಿನ ಕಾಳೆಲ್ಲ ನಮ್ಮ ತಟ್ಟೆಗೆ, ತಿಳಿ ಅವ್ವನ ತಟ್ಟೆಗೆ. ನಾನು ಮದುವೆಯಾಗಿ ಬಂದದ್ದು ಕನ್ನಂಬಾಡಿ ನಾಲೆ ನೀರಿನ ಸೀಮೆಗೆ. ಇಲ್ಲಿ ಭತ್ತ, ಕಬ್ಬು, ಹಗೇವು ತುಂಬ ಧಾನ್ಯ. ಆದ್ರೂ ನಾನು ಉಂಡದ್ದು ಕೊನೇಲೇ, ತಳದ್ದೇ. ಬಡತನ ಹೋದ್ರೂ ಆ ಅಭ್ಯಾಸ ಹೋಗ್ಲಿಲ್ಲ. ಹೋದ ವರ್ಷ ತಲೆ ಸುತ್ತಿ ಬಿದ್ದಾಗ ಡಾಕ್ಟ್ರು ಹೇಳಿದ್ದು ರಕ್ತ ಕಮ್ಮಿ ಅಂತ. ಅದು ನನ್ನೊಬ್ಬಳದಲ್ಲ. 2019-21ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಕಾರಣ ಹತ್ತಾರು ಇರ್ತವೆ. ಆದ್ರೆ ಕೊನೇಲಿ ಉಣ್ಣೋಳ ತಟ್ಟೆಗೆ ಕಾಳು, ಸೊಪ್ಪು, ತುಂಡು ಎಷ್ಟು ಬೀಳ್ತದೆ ಅಂತ ಪಾತ್ರೆ ತೊಳೆಯೋ ನಮಗಿಂತ ಚೆನ್ನಾಗಿ ಗೊತ್ತಿರೋರು ಯಾರು?

ನಮ್ಮ ವಾರಗಿತ್ತಿ ಆಗಲೇ ಅಂದ್ಲು, "ಮುದ್ದೆ ಬಿಸಿಲೇ ಬಡಿಸಬೇಕಲ್ಲಕ್ಕ, ಎಲ್ಲರೂ ಕೂತ್ರೆ ಒಲೆ ಹತ್ರ ಯಾರಿರೋದು?" ಚಪಾತಿ ದೋಸೆಗಾದ್ರೆ ಆ ಮಾತು ಸರಿ. ಮುದ್ದೆ ಒಂದೇ ಸಲ ತಿರುವಿ, ಒಂದೇ ಸಲ ಕಟ್ಟೋ ಅಡುಗೆ. ಕಟ್ಟಿ ಹಾಟ್‌ಬಾಕ್ಸಿಗೆ ಹಾಕಿ ನಡುವೆ ಇಟ್ರೆ ಎಲ್ಲರೂ ಕೂರಬಹುದು. "ಅತ್ತೆ ಮಾವನ ಮುಂದೆ ಕೂರೋದಾ?" ಅಂತಲೂ ಅಂದ್ಲು. ಅವರಿಗೆ ಮೊದಲು ಬಡಿಸು, ಆಮೇಲೆ ಪಕ್ಕದಲ್ಲೇ ನೀನೂ ಕೂರು ಅಂದೆ. ಅದರಲ್ಲಿ ಅಮರ್ಯಾದೆ ಏನೈತೆ? ಆದಿಚುಂಚನಗಿರಿ ದಾಸೋಹದಲ್ಲಿ ಸಾಲಿನಲ್ಲಿ ಕೂತಾಗ ಅತ್ತೆ ಸೊಸೆ ಒಟ್ಟಿಗೇ ಉಣ್ತೀವಲ್ಲ.

ದುಡ್ಡಿನ ಮಾತೂ ನಿಜ. ಎಲ್ಲರಿಗೂ ಹಸು ಮಾರೋಕೆ ಆಗಲ್ಲ. ಕೊಲಂಬೊನೇ ಆಗಬೇಕು ಅಂತಿಲ್ಲ. ಎರಡು ದಿನ ಯಾವೂರಾದ್ರೂ ಸರಿ. ಇಬ್ಬರೇ ಹೋಗಿ, ಡಬ್ಬಿ ತಗಂಡು ಹೋಗ್ಬ್ಯಾಡಿ, ಅಷ್ಟೇ.

ನಮ್ಮನೇಲಿ ಎಲ್ಲ ಬದಲಾಯ್ತು ಅಂತ ಹೇಳಲ್ಲ. ಬಂದ ಮೊದಲ ವಾರ ಒಟ್ಟಿಗೆ ಕೂತ್ವು. ಎರಡನೇ ವಾರ ಕಬ್ಬಿಗೆ ಗೊಬ್ಬರ ಹಾಕೋ ಆಳು ಬಂದ್ರು, ನಾನು ಮತ್ತೆ ಒಲೆ ಮುಂದೆ ನಿಂತೆ, ಮತ್ತೆ ತಣ್ಣಗಾದದ್ದು ಉಂಡೆ. ಮೊನ್ನೆ ರಾತ್ರಿ ಮಾತ್ರ, ಬಸ್ಸಾರು ಮುದ್ದೆ ಇಟ್ಟು ಸೌಟು ಹಿಡಿದು ನಿಂತಿದ್ದೆ. ನಮ್ಮನೆಯವ್ರು ತಟ್ಟೆ ಮುಂದೆ ಕೈ ಕಟ್ಕಂಡು ಕೂತಿದ್ರು, ಮುದ್ದೆ ಮುಟ್ಟಿಲ್ಲ. "ಯಾಕ್ರೀ, ಉಪ್ಪಿಲ್ವಾ?" ಅಂದೆ.

"ನಿಂಗೇ ಕಾಯ್ತಾ ಇದ್ದೀನಿ, ಕೂತ್ಕಳಮ್ಮಿ" ಅಂದ್ರು.